ಆಕಸ್ಮಿಕಕ್ಕೂ ಲೆಕ್ಕ ಕಟ್ಟಿದ ಆಲ್ಫ್ರೇಡ್ ರೇನಿ

ಗಣಿತಜ್ಞ ಎಂದರೆ ಕಾಫಿಯನ್ನು ಪ್ರಮೇಯಗಳನ್ನಾಗಿ ಮಾರ್ಪಡಿಸುವ ಯಂತ್ರ. ಗಣಿತ ವಿಭಾಗಗಳಿರುವಲ್ಲೆಲ್ಲ ಓಡಾಡುವ ಚಟಾಕಿ ಇದು. ಮನೆಮಠವಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತ ಲೆಕ್ಕ ಬಿಡಿಸಿದ ಪಾಲ್ ಎರ್ಡೋಶ್ ಇದನ್ನು ಹೇಳಿದರೆಂದು ಬಹಳ ಮಂದಿ ನಂಬಿದ್ದಾರೆ. ನಿಜಕ್ಕೂ ಅದು ಅವರ ಗೆಳೆಯ, ಹಂಗೇರಿಯವರೇ ಆದ ಆಲ್ಫ್ರೇಡ್ ರೇನಿ ಅವರ ಮಾತು. ಮತ್ತೊಬ್ಬ ಗೆಳೆಯ ಪಾಲ್ ಟುರಾನ್ ಅದಕ್ಕೊಂದು ಬಾಲ ಸೇರಿಸಿದರು: ನೀರು ಕಾಫಿಯಿಂದ ಪ್ರಮೇಯ ಹುಟ್ಟುವುದಿಲ್ಲ, ಹೆಚ್ಚೆಂದರೆ ಉಪಪ್ರಮೇಯ!

ಮಾತು ಉಳಿದು, ಆಡಿದವರ ಹೆಸರು ಮರೆಯಾಗುವುದು ಹೊಸದೇನಲ್ಲ. ಆದರೆ ರೇನಿ ಅವರನ್ನು ಒಂದು ಚಟಾಕಿಯ ಲೆಕ್ಕದಲ್ಲಿ ಮರೆಯುವಂತಿಲ್ಲ. ಸಾಂಕ್ರಾಮಿಕ ರೋಗ ಊರಿಡೀ ಹರಡುವುದೋ ಅಲ್ಲಲ್ಲೇ ಅಡಗುವುದೋ ಎಂದು ಅಂದಾಜು ಮಾಡುವವರು, ಕಂಪ್ಯೂಟರ್ ಜಾಲಗಳನ್ನು ಅಭ್ಯಾಸ ಮಾಡುವವರು, ಗುಪ್ತಲಿಪಿಯ ಭದ್ರತೆಯನ್ನು ಅಳೆಯುವವರು ಇಂದಿಗೂ ಅವರ ಹೆಸರನ್ನು ಹೇಳದೆ ಮುಂದೆ ಹೋಗುವುದು ಕಷ್ಟ. ಬದುಕಿದ್ದು 48 ವರ್ಷ. ಅದರಲ್ಲೂ ಮೊದಲ ಅರ್ಧ, ಆತ ಗಣಿತಜ್ಞನಾಗಬಾರದೆಂದೇ ಪ್ರಭುತ್ವವೊಂದು ಹಟ ತೊಟ್ಟಂತಿದ್ದ ಕಾಲ.

ರೇನಿ ಹುಟ್ಟಿದ್ದು 1921ರ ಮಾರ್ಚ್ 20ರಂದು, ಬುಡಾಪೆಸ್ಟ್‌ನಲ್ಲಿ. ತಂದೆ ಆರ್ತುರ್ ಇಂಜಿನಿಯರು, ಭಾಷೆಗಳಲ್ಲಿ ಆಸಕ್ತಿಯುಳ್ಳವರು. ತಾಯಿಯ ತಂದೆ ಬರ್ನಾತ್ ಅಲೆಕ್ಸಾಂಡರ್ ಹೆಸರಾಂತ ತತ್ವಶಾಸ್ತ್ರ ಪ್ರಾಧ್ಯಾಪಕರು. ಸೋದರಮಾವ ಫ್ರಾನ್ಜ್ ಅಲೆಕ್ಸಾಂಡರ್ ಅಮೆರಿಕಕ್ಕೆ ಹೋಗಿ ಮನೋವಿಶ್ಲೇಷಣೆಯಲ್ಲಿ ಹೆಸರು ಮಾಡಿದವರು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಮೊದಲು ಹಿಡಿಸಿದ್ದು ಗ್ರೀಕ್ ಸಾಹಿತ್ಯ. ಗಣಿತ ಆಮೇಲೆ ಬಂತು.

ಶೇಕಡಾವಾರು ಕಾನೂನು

1939ರಲ್ಲಿ ಶಾಲೆ ಮುಗಿಸಿದ ರೇನಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಲಿಲ್ಲ. ಕಾರಣ ಅಂಕಗಳಲ್ಲ, ಹುಟ್ಟು. ಅವರದು ಯಹೂದಿ ಮೂಲದ ಕುಟುಂಬ. ಪ್ರತಿಯೊಂದು ಜನಾಂಗಕ್ಕೂ ದೇಶದ ಜನಸಂಖ್ಯೆಯಲ್ಲಿ ಅದರ ಪಾಲೆಷ್ಟೋ ಅಷ್ಟೇ ಪ್ರವೇಶ ಎಂಬ ಕಾನೂನನ್ನು ಹಂಗೇರಿ 1920ರಲ್ಲೇ ತಂದಿತ್ತು. ಯಹೂದಿಗಳ ಪಾಲಿಗೆ ಬರುತ್ತಿದ್ದುದು ಸುಮಾರು ಶೇ 6. ನಡುವೆ ಸ್ವಲ್ಪ ಸಡಿಲಗೊಂಡಿದ್ದ ಈ ಕಟ್ಟು 1930ರ ದಶಕದ ಕೊನೆಯಲ್ಲಿ ಹೊಸ ಕಾನೂನುಗಳಿಂದ ಮತ್ತೆ ಬಿಗಿಯಾಯಿತು. ನಮ್ಮ ಮೀಸಲಾತಿಯ ಲೆಕ್ಕಕ್ಕೆ ಇದನ್ನು ಹೋಲಿಸುವಂತಿಲ್ಲ. ಅದು ಹೊರಗೆ ಉಳಿದವರನ್ನು ಒಳಗೆ ಕರೆಯುವ ಲೆಕ್ಕ. ಇದು ಒಳಗಿದ್ದವರನ್ನು ಹೊರಗೆ ದೂಡುವ ಲೆಕ್ಕ.

ರೇನಿ ಗಾಂಜ್ ಕಂಪನಿಯ ಹಡಗುಕಟ್ಟೆಯಲ್ಲಿ ಸುಮಾರು ಆರು ತಿಂಗಳು ಕೆಲಸ ಮಾಡಿದರು. ಆಮೇಲೆ ಗಣಿತ ಮತ್ತು ಗ್ರೀಕ್ ಸ್ಪರ್ಧೆಗಳಲ್ಲಿ ಎದ್ದು ಕಂಡಿದ್ದರಿಂದ 1940ರಲ್ಲಿ ಬುಡಾಪೆಸ್ಟ್ ವಿಶ್ವವಿದ್ಯಾಲಯ ಸೇರಲು ಅವಕಾಶ ದೊರೆಯಿತು. ಅಲ್ಲಿ ಲಿಪೋತ್ ಫೇಯೇರ್ ಅವರಂಥ ದೊಡ್ಡ ಗುರುವಿನ ಪಾಠ ಕೇಳಿದರು. ಪದವಿ ಕೈಗೆ ಬಂದದ್ದು 1944ರಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಹಂಗೇರಿಯನ್ನು ಆಕ್ರಮಿಸಿತು. ಮೇ ತಿಂಗಳಿಂದ ಜುಲೈವರೆಗೆ, ಎರಡು ತಿಂಗಳ ಒಳಗೆ, ಹಳ್ಳಿ-ಪಟ್ಟಣಗಳಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಲಾಯಿತು. ಬಹುಪಾಲು ರೈಲುಗಳು ಹೋದದ್ದು ಆಶ್‌ವಿಟ್ಸ್‌ಗೆ.

ರೇನಿ ಅವರನ್ನು ಕಡ್ಡಾಯ ದುಡಿಮೆಯ ಶಿಬಿರಕ್ಕೆ ಎಳೆದೊಯ್ದರು. ತಂಡವನ್ನು ಪಶ್ಚಿಮಕ್ಕೆ ಸಾಗಿಸುವ ಹೊತ್ತಿಗೆ ಅವರು ತಪ್ಪಿಸಿಕೊಂಡರು. ಸುಳ್ಳು ಗುರುತಿನ ಚೀಟಿ ಇಟ್ಟುಕೊಂಡು ಆರು ತಿಂಗಳು ಬುಡಾಪೆಸ್ಟ್‌ನಲ್ಲೇ ಅಡಗಿಕೊಂಡಿದ್ದರು. ಅಷ್ಟರಲ್ಲಿ ನಗರದಲ್ಲಿ ಉಳಿದಿದ್ದ ಯಹೂದಿಗಳನ್ನು ಗೋಡೆ ಕಟ್ಟಿದ ಕೇರಿಯೊಳಗೆ, ಅಂದರೆ ಘೆಟ್ಟೊದೊಳಗೆ, ಕೂಡಿಹಾಕಲಾಗಿತ್ತು. ಸುಮಾರು 70 ಸಾವಿರ ಜನ ಅದರಲ್ಲಿ ಕಿಕ್ಕಿರಿದಿದ್ದರು. ರೇನಿ ಅವರ ತಂದೆ ತಾಯಿಯೂ ಅಲ್ಲಿದ್ದರು.

ಆಗ ರೇನಿಗೆ 23 ವರ್ಷ. ಎಲ್ಲಿಂದಲೋ ಒಂದು ಸೈನಿಕನ ಸಮವಸ್ತ್ರ ಸಂಪಾದಿಸಿದರು. ಅದನ್ನು ತೊಟ್ಟು ಘೆಟ್ಟೊದೊಳಗೆ ನಡೆದುಹೋದರು. ಸೈನಿಕನೊಬ್ಬ ಬಂದಿಗಳನ್ನು ಕರೆದೊಯ್ಯುವಂತೆ ತಂದೆ ತಾಯಿಯನ್ನು ಮುಂದೆ ಬಿಟ್ಟುಕೊಂಡು ಹೊರಗೆ ನಡೆದುಬಂದರು. ಒಬ್ಬ ಕಾವಲುಗಾರ ತಡೆದು ಕಾಗದ ಕೇಳಿದ್ದರೆ ಮೂವರ ಕತೆಯೂ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಲಕ್ಷ ಜನರ ಗುಂಪು ಹೇಗೆ ವರ್ತಿಸುತ್ತದೆಂದು ಸಂಭವನೀಯತೆಯ ಶಾಸ್ತ್ರ ಖಚಿತವಾಗಿ ಹೇಳಬಲ್ಲದು. ಆ ಹೊತ್ತಿಗೆ ಆ ಬಾಗಿಲಲ್ಲಿ ನಿಂತ ಒಬ್ಬನೇ ಒಬ್ಬನ ಬಗ್ಗೆ ಅದಕ್ಕೆ ಹೇಳಲು ಹೆಚ್ಚೇನಿಲ್ಲ.

ಲೆನಿನ್‌ಗ್ರಾಡ್‌ನ ಜರಡಿ

ಯುದ್ಧ ಮುಗಿಯುತ್ತಿದ್ದಂತೆ ರೇನಿ ಸೆಗೆಡ್‌ಗೆ ಹೋಗಿ ಫ್ರಿಜೆಶ್ ರೀಸ್ ಅವರ ಬಳಿ 1945ರಲ್ಲಿ ಡಾಕ್ಟರೇಟ್ ಪಡೆದರು. 1946ರಲ್ಲಿ ಕಾತೋ ಎಂದು ಎಲ್ಲರೂ ಕರೆಯುತ್ತಿದ್ದ ಕತಾಲಿನ್ ಶುಲ್ಹೋಫ್ ಅವರನ್ನು ಮದುವೆಯಾದರು. ಆಕೆಯೂ ಗಣಿತಜ್ಞೆ. ಅದೇ ವರ್ಷ ಸಂಶೋಧನೆಗೆಂದು ಲೆನಿನ್‌ಗ್ರಾಡ್‌ಗೆ ಹೊರಟರು. ಅಲ್ಲಿ ಸಿಕ್ಕ ಗುರು ಯೂರಿ ಲಿನ್ನಿಕ್. (ಇದೇ ಲಿನ್ನಿಕ್ ಮುಂದೆ ಕಾಗನ್ ಎಂಬವರ ಜೊತೆಗೆ, ಹೂವಿನಹಡಗಲಿಯಲ್ಲಿ ಹುಟ್ಟಿದ ನಮ್ಮ ಸಿ.ಆರ್. ರಾವ್ ಅವರೊಂದಿಗೆ ಸೇರಿ ಸಂಖ್ಯಾಶಾಸ್ತ್ರದ ಒಂದು ಪ್ರಮುಖ ಗ್ರಂಥ ಬರೆದರು.)

ಎರಡಕ್ಕಿಂತ ದೊಡ್ಡದಾದ ಪ್ರತಿಯೊಂದು ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವೇ? 10 ಎಂದರೆ 3 ಮತ್ತು 7, 20 ಎಂದರೆ 7 ಮತ್ತು 13. 1742ರಲ್ಲಿ ಗೋಲ್ಡ್‌ಬಾಕ್ ಎತ್ತಿದ ಈ ಪ್ರಶ್ನೆಗೆ ಇಂದಿಗೂ ಪೂರ್ಣ ಉತ್ತರವಿಲ್ಲ. ರೇನಿ ಅದರ ಹತ್ತಿರದ ಒಂದು ಮೆಟ್ಟಿಲು ಕಟ್ಟಿದರು. ಸಮಸಂಖ್ಯೆಯನ್ನು ಒಂದು ಅವಿಭಾಜ್ಯ ಸಂಖ್ಯೆ ಮತ್ತು ‘ಬಹುತೇಕ ಅವಿಭಾಜ್ಯ’ವಾದ ಇನ್ನೊಂದು ಸಂಖ್ಯೆಯ ಮೊತ್ತವಾಗಿ ಬರೆಯಬಹುದು ಎಂದು ಸಾಧಿಸಿದರು. ಆ ಇನ್ನೊಂದು ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಒಂದು ನಿಶ್ಚಿತ ಮಿತಿಯನ್ನು ದಾಟುವುದಿಲ್ಲ. ಆ ಮಿತಿ ಎಷ್ಟೆಂದು ಅವರ ಸಾಧನೆ ಹೇಳಲಿಲ್ಲ. ಚೀನಾದ ಚೆನ್ ಜಿಂಗ್‌ರುನ್ 1973ರಲ್ಲಿ ಪ್ರಕಟಿಸಿದ ಸಾಧನೆಯಲ್ಲಿ, ಸಾಕಷ್ಟು ದೊಡ್ಡ ಸಮಸಂಖ್ಯೆಗಳ ಮಟ್ಟಿಗೆ, ಅದನ್ನು ಎರಡಕ್ಕೆ ಇಳಿಸಿದರು. 

ಇದಕ್ಕೆ ರೇನಿ ಬಳಸಿದ ಉಪಕರಣ ಲಿನ್ನಿಕ್ ಕಂಡುಹಿಡಿದಿದ್ದ ‘ದೊಡ್ಡ ಜರಡಿ’. ಬೇಡದ ಸಂಖ್ಯೆಗಳನ್ನು ಸೋಸಿ ತೆಗೆಯುವ ವಿಧಾನ ಅದು. ಆ ಜರಡಿಯೊಳಗೆ ಅಡಗಿದ್ದ ಇನ್ನೊಂದು ಅಂಶವನ್ನು ರೇನಿ ಗುರುತಿಸಿದರು. ಒಂದು ಸಂಖ್ಯೆ 3ರಿಂದ ಭಾಗವಾಗುತ್ತದೆಯೇ ಎಂಬುದಕ್ಕೂ 5ರಿಂದ ಭಾಗವಾಗುತ್ತದೆಯೇ ಎಂಬುದಕ್ಕೂ ಸಂಬಂಧವಿಲ್ಲ. ಎರಡು ಬೇರೆ ಬೇರೆ ನಾಣ್ಯಗಳನ್ನು ಚಿಮ್ಮಿದಂತೆ. ಸಂಖ್ಯೆಗಳಷ್ಟು ಕಟ್ಟುನಿಟ್ಟಾದ ವಸ್ತು ಬೇರೊಂದಿಲ್ಲ. ಆದರೂ ಅವು ಆಕಸ್ಮಿಕದ ನಿಯಮಕ್ಕೆ ಒಗ್ಗಿ ನಡೆಯುತ್ತವೆ. ಸಂಖ್ಯಾ ಸಿದ್ಧಾಂತಕ್ಕೆಂದು ಹೋದವರು ಸಂಭವನೀಯತೆಯನ್ನು ಹೊತ್ತು ಮನೆಗೆ ಬಂದರು.

1949ರಲ್ಲಿ ಡೆಬ್ರೆಟ್ಸೆನ್‌ನಲ್ಲಿ ಪ್ರಾಧ್ಯಾಪಕ ಹುದ್ದೆ. 1950ರಲ್ಲಿ ಹಂಗೇರಿಯ ವಿಜ್ಞಾನ ಅಕಾಡೆಮಿಯಡಿ ಅನ್ವಯಿಕ ಗಣಿತ ಸಂಸ್ಥೆಯನ್ನು ಕಟ್ಟುವ ಹೊಣೆ. ಕೊನೆಯವರೆಗೂ ಅದರ ನಿರ್ದೇಶಕರು ಅವರೇ. ಕಾರ್ಖಾನೆಗಳ ಲೆಕ್ಕಗಳೂ ಸಂಸ್ಥೆಯ ಮೇಜಿಗೆ ಬರುತ್ತಿದ್ದವು. ಗಾಳಿಯ ಒತ್ತಡದಿಂದ ನಡೆಯುವ ಸಲಕರಣೆಗಳನ್ನು ಎಲ್ಲ ಕೆಲಸಗಾರರೂ ಒಟ್ಟಿಗೇ ಬಳಸುವುದಿಲ್ಲವಷ್ಟೆ. ಹಾಗಾದರೆ ಕಾರ್ಖಾನೆಗೆ ಎಷ್ಟು ದೊಡ್ಡ ಕಂಪ್ರೆಸರ್ ಸಾಕು? ಇಂಥದನ್ನು ಕೀಳೆಂದು ರೇನಿ ಎಂದೂ ಬಗೆಯಲಿಲ್ಲ. 1958ರಲ್ಲಿ ಅವರು ಬಿಡಿಸಿದ ಇನ್ನೊಂದು ಲೆಕ್ಕ ಕೇಳಲು ಇನ್ನೂ ಸರಳ. ಉದ್ದನೆಯ ರಸ್ತೆಯ ಬದಿಯಲ್ಲಿ ಒಂದೇ ಅಳತೆಯ ಕಾರುಗಳು ಮನಬಂದಲ್ಲಿ ನಿಲ್ಲುತ್ತ ಹೋಗುತ್ತವೆ. ಇನ್ನೊಂದು ಕಾರಿಗೆ ಜಾಗವಿಲ್ಲ ಎನ್ನುವ ಹೊತ್ತಿಗೆ ರಸ್ತೆಯ ಎಷ್ಟು ಭಾಗ ತುಂಬಿರುತ್ತದೆ? ಸರಾಸರಿ ಶೇ 74.76. ಉಳಿದ ಕಾಲುಭಾಗ ಯಾರಿಗೂ ದಕ್ಕದ ಸಂದುಗಳಲ್ಲಿ ಹೋಗುತ್ತದೆ.

ಲಕ್ಷ ಜನರ ಊರು

ರೇನಿ ಮತ್ತು ಎರ್ಡೋಶ್ ಒಟ್ಟಿಗೆ ಬರೆದ ಪ್ರಬಂಧಗಳು 30ಕ್ಕೂ ಹೆಚ್ಚು. ಅವುಗಳಲ್ಲಿ 1959 ಮತ್ತು 1960ರ ಎರಡು ಪ್ರಬಂಧಗಳು ಒಂದು ಹೊಸ ಶಾಸ್ತ್ರಕ್ಕೇ ದಾರಿ ಮಾಡಿದವು. ಅದರ ತಿರುಳನ್ನು ಸೂತ್ರಗಳಿಲ್ಲದೆಯೂ ತಿಳಿಯಬಹುದು.

ಒಂದು ಲಕ್ಷ ಜನರ ಊರೊಂದನ್ನು ಊಹಿಸಿಕೊಳ್ಳಿ. ಯಾರಿಗೂ ಯಾರ ಪರಿಚಯವೂ ಇಲ್ಲ. ಚೀಟಿ ಎತ್ತಿ, ಬಂದ ಇಬ್ಬರಿಗೆ ಪರಿಚಯ ಮಾಡಿಸುವುದು. ಮತ್ತೆ ಚೀಟಿ, ಮತ್ತೆ ಇಬ್ಬರು. ಪರಿಚಿತರ ಮೂಲಕ, ಅವರ ಪರಿಚಿತರ ಮೂಲಕ ಸುದ್ದಿ ಮುಟ್ಟಿಸಬಹುದಾದವರೆಲ್ಲ ಒಂದು ಗುಂಪು ಎನ್ನೋಣ. ಮೊದಲಿಗೆ ಇಬ್ಬರು, ಮೂವರ ಗುಂಪುಗಳೇ. 40 ಸಾವಿರ ಪರಿಚಯಗಳಾದ ಮೇಲೂ ಅತಿ ದೊಡ್ಡ ಗುಂಪಿನಲ್ಲಿ ಇರುವವರು ಕೆಲವು ನೂರು ಮಂದಿ ಮಾತ್ರ. ಪರಿಚಯಗಳ ಸಂಖ್ಯೆ 50 ಸಾವಿರ, ಅಂದರೆ ಜನಸಂಖ್ಯೆಯ ಅರ್ಧ, ದಾಟುತ್ತಿದ್ದಂತೆ ಊರಿನ ಚಹರೆಯೇ ಬದಲಾಗುತ್ತದೆ. ಸಣ್ಣ ಗುಂಪುಗಳು ಒಂದನ್ನೊಂದು ಕೂಡಿಕೊಂಡು ದೈತ್ಯ ಗುಂಪೊಂದು ಏಳುತ್ತದೆ. 60 ಸಾವಿರಕ್ಕೆ ಅದರಲ್ಲಿ ಸುಮಾರು 31 ಸಾವಿರ ಜನ. ಪರಿಚಯಗಳು ಒಂದು ಲಕ್ಷವಾದಾಗ ಸುಮಾರು 80 ಸಾವಿರ ಜನ. ಉಳಿದ ಗುಂಪುಗಳೆಲ್ಲ ಅದರ ಮುಂದೆ ಚಿಲ್ಲರೆ.

ಚೀಟಿ ಎತ್ತುವುದರಲ್ಲಿ ಯಾವ ಉದ್ದೇಶವೂ ಇಲ್ಲ, ಯೋಜನೆಯೂ ಇಲ್ಲ. ಆದರೂ ದೈತ್ಯ ಹುಟ್ಟುವ ಗಳಿಗೆಯನ್ನು ಮೊದಲೇ ಹೇಳಬಹುದು. ಹಾಲು ಕಾಯುತ್ತ ಕಾಯುತ್ತ ಸುಮ್ಮನಿದ್ದು ಒಮ್ಮೆಗೇ ಉಕ್ಕುವಂತೆ. ಊರಿನ ಕಟ್ಟಕಡೆಯವರೂ ಸೇರಬೇಕಾದರೆ ಮಾತ್ರ ಬಹಳ ಕಾಯಬೇಕು, ಸುಮಾರು ಐದೂಮುಕ್ಕಾಲು ಲಕ್ಷ ಪರಿಚಯಗಳವರೆಗೆ. ಅದೂ ಬಹಳವೇನಲ್ಲ, ಲಕ್ಷ ಜನರ ನಡುವೆ ಸಾಧ್ಯವಿರುವ ಜೋಡಿಗಳು ಹತ್ತಿರ ಹತ್ತಿರ 500 ಕೋಟಿ.

ಪರಿಚಯದ ಬದಲು ಸೋಂಕು ಎಂದಿಟ್ಟುಕೊಂಡರೆ ಇದರ ಬೆಲೆ ತಿಳಿಯುತ್ತದೆ. ಒಬ್ಬ ರೋಗಿಯಿಂದ ಸರಾಸರಿ ಒಬ್ಬನಿಗಿಂತ ಕಡಿಮೆ ಜನಕ್ಕೆ ಅಂಟಿದರೆ ರೋಗ ತಾನಾಗಿ ಅಡಗುತ್ತದೆ. ಒಬ್ಬನನ್ನು ಮೀರಿದರೆ ಊರನ್ನೇ ಹಿಡಿಯಬಹುದು. ಕೋವಿಡ್ ಕಾಲದಲ್ಲಿ, 2020ರಿಂದ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ‘ಒಂದರ ಗಡಿ’ಗೂ ಈ ಊರಿನ ಗಡಿಗೂ ಗಣಿತ ಒಂದೇ.

ಎಲ್ಲ ಕೀರ್ತಿಯೂ ಇವರಿಬ್ಬರದೇ ಎನ್ನುವಂತಿಲ್ಲ. ಅಮೆರಿಕದ ಎಡ್ಗರ್ ಗಿಲ್ಬರ್ಟ್ 1959ರಲ್ಲೇ ಇಂಥದೇ ಮಾದರಿಯನ್ನು ಸ್ವತಂತ್ರವಾಗಿ ಮುಂದಿಟ್ಟಿದ್ದರು. ನಿಜವಾದ ಊರಿನಲ್ಲಿ ಜನ ಚೀಟಿ ಎತ್ತಿ ಸ್ನೇಹ ಮಾಡುವುದಿಲ್ಲ ಎಂಬ ಆಕ್ಷೇಪವೂ ಸರಿಯಾದದ್ದೇ. ಕೆಲವರಿಗೆ ನೂರಾರು ನಂಟು, ಹಲವರಿಗೆ ಒಂದೆರಡು. 1999ರಲ್ಲಿ ಬರಬಾಶಿ ಮತ್ತು ಆಲ್ಬರ್ಟ್ ಇಂಥ ಜಾಲಗಳಿಗೆ ಬೇರೆ ಮಾದರಿ ಕೊಟ್ಟರು. ಹಾಗಿದ್ದರೂ, ನಿಜವಾದ ಜಾಲವೊಂದು ಬರೀ ಆಕಸ್ಮಿಕಕ್ಕಿಂತ ಎಷ್ಟು ಭಿನ್ನ ಎಂದು ಅಳೆಯಲು ಇಂದಿಗೂ ಪಕ್ಕದಲ್ಲಿಟ್ಟು ನೋಡುವುದು ಎರ್ಡೋಶ್-ರೇನಿ ಜಾಲವನ್ನೇ.

ಹೌದು, ಅಲ್ಲ

ಒಬ್ಬರು ಮನಸ್ಸಿನಲ್ಲಿ ನೆನೆದದ್ದನ್ನು ಇನ್ನೊಬ್ಬರು ‘ಹೌದು, ಅಲ್ಲ’ ಎಂಬ ಉತ್ತರಗಳಿಂದಲೇ ಪತ್ತೆಹಚ್ಚುವ ಆಟಕ್ಕೆ ಹಂಗೇರಿಯಲ್ಲಿ ಬಾರ್ ಕೊಖ್ಬಾ ಎಂದು ಹೆಸರು. ರೇನಿಗೆ ಇದು ಮಾಹಿತಿ ಸಿದ್ಧಾಂತ ಕಲಿಸುವ ಪಾಠವಾಯಿತು. ಪ್ರತಿ ಪ್ರಶ್ನೆಯೂ ಉಳಿದ ಸಾಧ್ಯತೆಗಳನ್ನು ಅರ್ಧಕ್ಕೆ ಇಳಿಸಿದರೆ 20 ಪ್ರಶ್ನೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳ ನಡುವೆ ಒಂದನ್ನು ಹಿಡಿಯಬಹುದು. ಉತ್ತರಿಸುವವನು ನಡುನಡುವೆ ಸುಳ್ಳು ಹೇಳಿದರೆ? ಈ ಪ್ರಶ್ನೆಯನ್ನೂ ರೇನಿ 1961ರಲ್ಲೇ ಕೇಳಿದ್ದರು. ಗದ್ದಲದ ತಂತಿಯಲ್ಲಿ ಬರುವ ಸಂದೇಶದ ತಪ್ಪು ತಿದ್ದುವುದು ಎಂದರೆ ಇದೇ ಆಟ. ಮಾಹಿತಿಯನ್ನು ಅಳೆಯಲು ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಅಳತೆಗೋಲನ್ನು ರೇನಿ ಇನ್ನಷ್ಟು ಹಿಗ್ಗಿಸಿದರು. ಅದಕ್ಕೀಗ ‘ರೇನಿ ಎಂಟ್ರೊಪಿ’ ಎಂದೇ ಹೆಸರು.

ಗ್ರೀಕ್ ಮೋಹ ಮಾತ್ರ ಬಿಡಲಿಲ್ಲ. ಸಾಕ್ರಟೀಸ್, ಆರ್ಕಿಮಿಡೀಸ್, ಗೆಲಿಲಿಯೊ ಮಾತಾಡುವಂತೆ ಬರೆದ ‘ಗಣಿತ ಸಂವಾದಗಳು’ 1965ರಲ್ಲಿ ಹೊರಬಂತು. ಎರಡು ವರ್ಷಗಳ ನಂತರ ಬಂದದ್ದು ಸಂಭವನೀಯತೆ ಕುರಿತ ಪತ್ರಗಳು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ನಡುವೆ ಜೂಜಿನ ಲೆಕ್ಕ ಕುರಿತು ಪತ್ರವ್ಯವಹಾರ ನಡೆದದ್ದು ಚರಿತ್ರೆ. ಪಾಸ್ಕಲ್ ಬರೆದಿರಬಹುದಾದ ಇನ್ನಷ್ಟು ಪತ್ರಗಳನ್ನು ರೇನಿ ತಾವೇ ಕಲ್ಪಿಸಿ ಬರೆದರು. ಗಣಿತವೆಂದರೆ ಬೆದರುವ ಓದುಗನೂ ಕುಳಿತು ಓದುವಂಥ ಬರವಣಿಗೆ ಅದು. ಪ್ರಾಧ್ಯಾಪಕರು ಸಾಮಾನ್ಯವಾಗಿ ಇಂಥ ಕೆಲಸವನ್ನು ನಿವೃತ್ತಿಗೆ ಮುಂದೂಡುತ್ತಾರೆ. ರೇನಿಗೆ ಆ ವ್ಯವಧಾನ ಇರಲಿಲ್ಲವೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

1969ರ ಆಗಸ್ಟ್‌ನಲ್ಲಿ ಕಾತೋ ತೀರಿಕೊಂಡರು. ಆರು ತಿಂಗಳೂ ಕಳೆಯಲಿಲ್ಲ, 1970ರ ಫೆಬ್ರುವರಿ 1ರಂದು ರೇನಿ ಹೋದರು. ಬುಡಾಪೆಸ್ಟ್‌ನ ರೆಯಾಲ್ತನೋದಾ ಬೀದಿಯಲ್ಲಿರುವ ಅವರ ಸಂಸ್ಥೆಗೆ 1999ರಲ್ಲಿ ಅವರ ಹೆಸರಿಟ್ಟರು. 2012ರಲ್ಲಿ ಅಬೆಲ್ ಪ್ರಶಸ್ತಿ ಪಡೆದ ಎಂಡ್ರೆ ಸೆಮೆರೇದಿ ಅದೇ ಸಂಸ್ಥೆಯವರು. ರೇನಿ ಕೈಗೆತ್ತಿಕೊಂಡಿದ್ದ ಮಾಹಿತಿ ಸಿದ್ಧಾಂತದ ಪುಸ್ತಕ ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು. ಅದು ದಿನಚರಿಯ ರೂಪದಲ್ಲಿದೆ. ಬರೆಯುವವನು ಪ್ರಾಧ್ಯಾಪಕನಲ್ಲ, ತರಗತಿಯಲ್ಲಿ ಕುಳಿತು ಪಾಠ ಕೇಳಿ, ಮನೆಗೆ ಬಂದು ತನಗೆ ತಿಳಿದದ್ದನ್ನೂ ತಿಳಿಯದ್ದನ್ನೂ ಬರೆದಿಟ್ಟುಕೊಳ್ಳುವ ಒಬ್ಬ ವಿದ್ಯಾರ್ಥಿ.