ಭದ್ರತಾ ಪ್ರಮಾಣಪತ್ರ ನವೀಕರಣ: ಕೈ ಸುಡದಂತೆ ಕ್ರೆಡಿಟ್ ಗಳಿಕೆ

ಕಂಪ್ಯೂಟರ್ ಭದ್ರತಾ ಕ್ಷೇತ್ರದ ಪ್ರಮಾಣಪತ್ರಗಳು ಕಾಲೇಜು ಪದವಿಯಂತೆ ಜೀವನಪರ್ಯಂತ ಬಾಳುವಂಥವಲ್ಲ. ಹೆಸರಾಂತ ಪ್ರಮಾಣಪತ್ರಗಳ ಆಯುಷ್ಯ ಬಹುತೇಕ ಮೂರೇ ವರ್ಷ. ಅಷ್ಟರೊಳಗೆ ನಿಗದಿತ ಪ್ರಮಾಣದ ಮುಂದುವರಿಕೆ ಶಿಕ್ಷಣದ ಕ್ರೆಡಿಟ್‌ಗಳನ್ನು ಒಪ್ಪಿಸದಿದ್ದರೆ ಪ್ರಮಾಣಪತ್ರ ಮೊದಲು ಅಮಾನತಾಗಿ, ಕೊನೆಗೆ ರದ್ದಾಗುತ್ತದೆ. ಆಮೇಲೆ ಉಳಿಯುವುದು ಮರುಪರೀಕ್ಷೆಯ ಹಾದಿ. ಸಿಐಎಸ್‌ಎಸ್‌ಪಿ ಪರೀಕ್ಷೆಗೆ ಅಮೆರಿಕದಲ್ಲಿ ಶುಲ್ಕ 749 ಡಾಲರ್.

ಐಎಸ್‌ಸಿ2 ಸಂಸ್ಥೆಯ ಸಿಐಎಸ್‌ಎಸ್‌ಪಿಗೆ ಮೂರು ವರ್ಷಗಳಲ್ಲಿ 120 ಕ್ರೆಡಿಟ್ ಬೇಕು. ಇವುಗಳಲ್ಲಿ ಕನಿಷ್ಠ 90 ಭದ್ರತಾ ವಿಷಯಕ್ಕೇ ಸಂಬಂಧಿಸಿರಬೇಕು. ಐಸಾಕಾದ ಸಿಸಾ ಮತ್ತು ಸಿಐಎಸ್‌ಎಂಗಳಿಗೂ 120 ಗಂಟೆ, ಆದರೆ ಯಾವ ವರ್ಷವೂ 20ಕ್ಕಿಂತ ಕಡಿಮೆಯಾಗುವಂತಿಲ್ಲ. ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್‌ಗೆ 50 ಸಾಕು. 2011ಕ್ಕೆ ಮುನ್ನ ಸೆಕ್ಯುರಿಟಿ ಪ್ಲಸ್ ಪಡೆದವರು ಪುಣ್ಯವಂತರು, ಅವರ ಪ್ರಮಾಣಪತ್ರಕ್ಕೆ ನವೀಕರಣದ ಗೊಡವೆಯೇ ಇಲ್ಲ.

ಶುಲ್ಕದ ಮಾತು ಬೇರೆ. ಐಎಸ್‌ಸಿ2ಗೆ ವರ್ಷಕ್ಕೆ 135 ಡಾಲರ್, ಕಾಂಪ್‌ಟಿಯಾಕ್ಕೆ 50 ಡಾಲರ್ ತೆರಬೇಕು. ಐಸಾಕಾದಲ್ಲಿ ಸದಸ್ಯರಿಗೆ 45, ಇತರರಿಗೆ 85 ಡಾಲರ್. ಕಂಪನಿ ಭರಿಸುವವರಿಗೆ ಇದು ಲೆಕ್ಕಕ್ಕಿಲ್ಲ. ಕೆಲಸ ಕಳೆದುಕೊಂಡವರಿಗೆ ಮಾತ್ರ ಇದು ದೊಡ್ಡ ಹೊರೆ, ಹೊಸ ನೌಕರಿಗೆ ಪ್ರಮಾಣಪತ್ರ ಬೇಕಾಗುವುದೂ ಅವರಿಗೇ.

ಆದರೆ ಕ್ರೆಡಿಟ್ ಗಳಿಸಲು ಸಾವಿರಾರು ಡಾಲರ್‌ಗಳ ತರಬೇತಿ ಶಿಬಿರಗಳಿಗೆ ಹೋಗಲೇಬೇಕೆಂಬುದು ತಪ್ಪು ಕಲ್ಪನೆ. ನಿಯಮಗಳು ಎಣಿಸುವುದು ಗಂಟೆಗಳನ್ನೇ ಹೊರತು ವ್ಯಯಿಸಿದ ಹಣವನ್ನಲ್ಲ. ಐಎಸ್‌ಸಿ2 ಒಂದು ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್ ಕೊಟ್ಟರೆ, ಐಸಾಕಾ 50 ನಿಮಿಷಗಳನ್ನೇ ಒಂದು ಗಂಟೆಯೆಂದು ಪರಿಗಣಿಸುತ್ತದೆ. ವಾರಕ್ಕೊಂದು ಗಂಟೆಯ ಉಚಿತ ವೆಬಿನಾರ್ ಕೇಳಿದವರಿಗೆ ವರ್ಷಾಂತ್ಯಕ್ಕೆ 50ರ ಆಸುಪಾಸು ಕೂಡಿರುತ್ತದೆ. ಮೂರು ವರ್ಷಗಳಲ್ಲಿ 120 ದಾಟುವುದು ಕಷ್ಟವೇನಲ್ಲ. ಎರಡೂ ಸಂಸ್ಥೆಗಳು ತಮ್ಮ ಸದಸ್ಯರಿಗೆ ಇಂತಹ ಉಪನ್ಯಾಸಗಳನ್ನು ಉಚಿತವಾಗಿ ಒದಗಿಸುತ್ತವೆ.

ಬೆಂಗಳೂರಿನವರಿಗೆ ಇನ್ನೂ ಅನುಕೂಲವಿದೆ. ಐಸಾಕಾ ಮತ್ತು ಐಎಸ್‌ಸಿ2 ಎರಡರ ಶಾಖೆಗಳೂ ನಗರದಲ್ಲಿವೆ. ನಲ್ ಸಮುದಾಯದ ಸಭೆಗಳಿಗೆ ಪ್ರವೇಶ ಉಚಿತ. ಊರು ದೂರವಿದ್ದವರಿಗೆ ಸ್ವಯಂ ಜಾಲತಾಣದಲ್ಲಿ ಖರಗ್‌ಪುರ ಐಐಟಿಯ ಗೂಢಲಿಪಿಶಾಸ್ತ್ರದಂತಹ ಪಾಠಗಳು ಲಭ್ಯ. ಕಲಿಕೆಗೆ ಹಣವಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಬಯಸುವವರಷ್ಟೇ ಶುಲ್ಕ ಕಟ್ಟಬೇಕು.

ಬಹುಮಂದಿ ಮರೆಯುವ ಮಾರ್ಗವೆಂದರೆ ಕಲಿಸುವುದು. ಉಪನ್ಯಾಸ ಸಿದ್ಧಪಡಿಸಿದ ಸಮಯಕ್ಕೂ ಕ್ರೆಡಿಟ್ ಉಂಟು. ಭದ್ರತಾ ವಿಷಯದ ಲೇಖನ ಬರೆಯುವುದು, ಕಿರಿಯರಿಗೆ ಮಾರ್ಗದರ್ಶನ ಮಾಡುವುದು ಸಹ ಗಣನೆಗೆ ಬರುತ್ತವೆ. ಮಾರ್ಗದರ್ಶನಕ್ಕೆ ಐಸಾಕಾ ವರ್ಷಕ್ಕೆ 10 ಗಂಟೆಗಳ ಮಿತಿ ಇಟ್ಟಿದೆ. ಕಚೇರಿಯ ದಿನನಿತ್ಯದ ಕೆಲಸವನ್ನು ಮಾತ್ರ ಕ್ರೆಡಿಟ್ ಎಂದು ತೋರಿಸುವಂತಿಲ್ಲ. ಸಿಸಾ, ಸಿಐಎಸ್‌ಎಂ ಎರಡನ್ನೂ ಹೊಂದಿದವರು ಎರಡಕ್ಕೂ ಪ್ರಸ್ತುತವಾದ ಒಂದೇ ಉಪನ್ಯಾಸವನ್ನು ಎರಡೂ ಕಡೆ ನಮೂದಿಸಬಹುದು.

ಉಚಿತ ಕಾರ್ಯಕ್ರಮಗಳಲ್ಲಿ ತೊಡಕಿರುವುದು ದಾಖಲೆಯಲ್ಲಿ. ಹಾಜರಾತಿ ಪತ್ರ ಎಲ್ಲರೂ ಕೊಡುವುದಿಲ್ಲ. ಆದರೆ ಸಂಸ್ಥೆಗಳು ಕೆಲವರನ್ನು ಆಯ್ದು ಲೆಕ್ಕಪರಿಶೋಧನೆಗೆ ಒಳಪಡಿಸುತ್ತವೆ. ದಿನಾಂಕ, ವಿಷಯ, ಅವಧಿ, ನೋಂದಣಿಯ ಇ-ಮೇಲ್ ಇವನ್ನು ಅಂದೇ ತೆಗೆದಿಡುವುದು ಕ್ಷೇಮ. ಐಸಾಕಾದ ನಿಯಮದಂತೆ ಮೂರು ವರ್ಷಗಳ ಅವಧಿ ಮುಗಿದ ಬಳಿಕವೂ 12 ತಿಂಗಳು ಈ ದಾಖಲೆಗಳನ್ನು ಕಾದಿಡಬೇಕು.