ಮೊಕ್ಕಾಂ, ಕಾಯಂ, ಇಕಾಮ

ಗುಲ್ವಾಡಿ, ಕಂಡ್ಲೂರು, ಬಸ್ರೂರು ಕಡೆ ಸೌದಿಗೆ ಹೋದ ಮಗನಿಗೆ ಮನೆಯವರು ಫೋನಿನಲ್ಲಿ ಕೇಳುವ ಮಾತು, ‘ಇಕಾಮ ಬಂತಾ?’ ಅಲ್ಲಿ ವಾಸವಿರಲು ಸರಕಾರ ಕೊಡುವ ಪರವಾನಗಿಯೇ ಇಕಾಮ. ಗಲ್ಫ್ ನೌಕರಿಯ ಜೊತೆಗೆ ಬಂದ ಪದವಾದ್ದರಿಂದ ಇದು ಹೊಸದೆಂದು ನಮಗೆ ತೋರುತ್ತದೆ. ಆದರೆ ಇದರ ಒಡಹುಟ್ಟಿದವು ನಮ್ಮ ಕಚೇರಿ, ಮಠ, ಮನೆಗಳನ್ನು ಎಂದೋ ಹೊಕ್ಕು ಕನ್ನಡವೇ ಆಗಿಬಿಟ್ಟಿವೆ.

ಅರಬ್ಬಿಯಲ್ಲಿ ಕ-ವ-ಮ ಎಂಬ ಧಾತುವಿಗೆ ಎದ್ದು ನಿಲ್ಲುವುದು ಎಂಬ ಅರ್ಥ. ನಮಾಜಿಗೆ ಸಾಲಾಗಿ ನಿಲ್ಲುವ ಮುನ್ನ ಮಸೀದಿಯಲ್ಲಿ ಹೇಳುವ ಎರಡನೆಯ ಕರೆಯ ಹೆಸರೂ ಇಕಾಮತ್. ನಿಲ್ಲುವ ಜಾಗ ‘ಮುಕಾಮ್’, ನಿಂತೇ ಇರುವುದು ‘ಕಾಯಿಮ್’. ಪಾರಸಿ ಆಡಳಿತ ಭಾಷೆಯಾಗಿದ್ದ ಕಾಲದಲ್ಲಿ ಈ ಎರಡೂ ದಖ್ಖನಿಗೆ ಬಂದವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಕೆನರಾ ಕರಾವಳಿಯ ಕಂದಾಯ ಲೆಕ್ಕಗಳಲ್ಲಿ ಇಂಥ ಪದಗಳ ಬಳಕೆ ಹೆಚ್ಚಿತು. ದಂಡು ಬೀಡುಬಿಟ್ಟ ಜಾಗ ಮೊಕ್ಕಾಂ, ಸಾಹೇಬರು ಇಳಿದುಕೊಂಡದ್ದೂ ಮೊಕ್ಕಾಂ. ಈಗಲೂ ಮಠದ ಪತ್ರಿಕೆಗಳಲ್ಲಿ ಶ್ರೀಗಳ ಮೊಕ್ಕಾಂ ಎಲ್ಲಿ ಎಂದು ಅಚ್ಚಾಗುತ್ತದೆ. ಬಡಗಣ ಕರ್ನಾಟಕದ ವಿಳಾಸಗಳಲ್ಲಿ ‘ಮು. ಪೋ.’ ಎಂದು ಬರೆಯುವಾಗ ಆ ‘ಮು’ವಿನಲ್ಲಿ ಇರುವುದೂ ಇದೇ. ನಿಲ್ಲುವುದರಿಂದ ನೆಲೆಸುವುದಕ್ಕೆ ಅರ್ಥ ಹಿಗ್ಗಿದ್ದು ಅರಬ್ಬಿಯಲ್ಲಿ ಮಾತ್ರವಲ್ಲ. ಕನ್ನಡದ ‘ನಿಲ್’ ಕೂಡ ಹಾಗೆಯೇ ‘ನೆಲೆ’ಯಾಗಿ, ‘ನೆಲೆಸು’ ಆಯಿತು.

ಕಾಯಂ ಹಿಡಿದ ದಾರಿ ಬೇರೆ. ಕಾಯಂ ನೌಕರಿ, ಕಾಯಂ ಗಿರಾಕಿ, ಕಾಯಂ ವಿಳಾಸ ಎನ್ನುವಾಗ ಅದಕ್ಕೆ ಕೊನೆಯ ತಾರೀಕೇ ಇಲ್ಲ. (ಖಾಯಂ ಎಂದು ಮಹಾಪ್ರಾಣ ಹಚ್ಚುವುದು ರೂಢಿಯಾದರೂ ಮೂಲದಲ್ಲಿ ಅದಿಲ್ಲ.) ಅದೇ ಧಾತುವಿನ ಇಕಾಮಕ್ಕೆ ಮಾತ್ರ ಮುದ್ದತು ಉಂಟು. ಸೌದಿ ಸರಕಾರ 2015ರಲ್ಲಿ ಐದು ವರ್ಷ ಬಾಳುವ ಹೊಸ ಕಾರ್ಡು ತಂದು ಅದಕ್ಕೆ ‘ಮುಕೀಮ್’, ಅಂದರೆ ನೆಲೆಸಿರುವವ, ಎಂದು ಹೆಸರಿಟ್ಟಿತು. ಕಾರ್ಡು ಐದು ವರ್ಷದ್ದಾದರೂ ಒಳಗಿನ ಪರವಾನಗಿಯನ್ನು ಮುದ್ದತು ಮುಗಿದಂತೆಲ್ಲ ನವೀಕರಿಸಲೇಬೇಕು. ಬಹುಕಾಲ ಈ ತಾರೀಕು ಹಿಜರಿ ಪಂಚಾಂಗದ್ದು. ಆ ವರ್ಷಕ್ಕೆ 354 ದಿನ. ನಮ್ಮ ಕ್ಯಾಲೆಂಡರ್ ನೋಡಿ ನೆಮ್ಮದಿಯಾಗಿ ಕುಳಿತವನಿಗೆ ಹನ್ನೊಂದು ದಿನ ಮೊದಲೇ ಗಡುವು ಮುಗಿದಿರುತ್ತಿತ್ತು.

ಊರಿನಲ್ಲಿ ನಾನು ಹೆಚ್ಚು ಕಾಣುವ ಗೊಂದಲ ವೀಸಾಕ್ಕೂ ಇಕಾಮಕ್ಕೂ ನಡುವಿನದು. ವೀಸಾ ಲ್ಯಾಟಿನ್ ಮೂಲದ್ದು, ಅರ್ಥ, ‘ನೋಡಲಾಗಿದೆ’. ಕಾಗದ ನೋಡಿದ್ದೇವೆ, ಬಾಗಿಲಿಗೆ ಬರಬಹುದು ಎಂಬಷ್ಟೇ ಅದರ ಭರವಸೆ. ಅದರ ಮೇಲಿನ ತಾರೀಕು ಸಾಮಾನ್ಯವಾಗಿ ಒಳಹೋಗಲು ಇರುವ ಗಡುವು. ಎಷ್ಟು ಕಾಲ ಇರಬಹುದೆಂಬುದು ಬೇರೆ ಲೆಕ್ಕ. ಸೌದಿಯಲ್ಲಿ ಇಳಿದ 90 ದಿನದೊಳಗೆ ವೈದ್ಯಕೀಯ ತಪಾಸಣೆ ಮುಗಿಸಿ ಇಕಾಮ ಮಾಡಿಸುವುದು ಕೆಲಸ ಕೊಟ್ಟ ಮಾಲೀಕನ ಹೊಣೆ. ಅವನು ಮಾಡಿಸದಿದ್ದರೂ ತೊಂದರೆಗೆ ಸಿಕ್ಕಿಬೀಳುವವನು ಕೆಲಸಗಾರ. ಎಮಿರೇಟ್ಸ್‌ನಲ್ಲಿ 2022ರಿಂದ ಪಾಸ್‌ಪೋರ್ಟಿಗೆ ವಾಸದ ಚೀಟಿ ಅಂಟಿಸುವುದನ್ನೇ ನಿಲ್ಲಿಸಿದ್ದಾರೆ; ಎಮಿರೇಟ್ಸ್ ಐಡಿಯೇ ಸಾಕ್ಷಿ. ಅಮೆರಿಕದಲ್ಲೂ ಇರುವ ಅವಧಿಯನ್ನು ನಿರ್ಧರಿಸುವುದು ಐ-94 ದಾಖಲೆ, ವೀಸಾ ಮುದ್ರೆಯಲ್ಲ. 

ಇಂಥ ಕಾಗದಗಳಿಲ್ಲದೆ ಸಮುದ್ರ ದಾಟುವ ಕಾಲವೂ ಇತ್ತು. ಗುಲ್ವಾಡಿಯ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ನಿಲ್ಲಿಸಿದ ಗುಲ್ವಾಡಿ ವೆಂಕಟರಾಯರ ಕಾದಂಬರಿ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಬರುವ ಭಾಸ್ಕರರಾಯ ಓದಲು ಇಂಗ್ಲೆಂಡಿಗೆ ಹೋಗುತ್ತಾನೆ. ಆಗ ಈ ಕಾಗದಗಳ ಕಾಟ ಇರಲಿಲ್ಲ. ಭಾರತಕ್ಕೆ ಪಾಸ್‌ಪೋರ್ಟ್ ಕಾಯಿದೆ ಬಂದದ್ದು 1920ರಲ್ಲಿ. ಸಮುದ್ರ ದಾಟಿದವನಿಗೆ ಅಂದು ಎದುರಾಗುತ್ತಿದ್ದದ್ದು ಜಾತಿಯ ಬಹಿಷ್ಕಾರ. ಹೋಗುವುದಕ್ಕಿಂತ ಮರಳಿ ತನ್ನವರ ನಡುವೆ ನೆಲೆಸುವುದೇ ಕಷ್ಟವಾಗಿತ್ತು. ಆ ಕಟ್ಟು ಸಡಿಲವಾಯಿತು, ಕಾಗದದ ಕಟ್ಟು ಬಿಗಿಯಾಯಿತು.

ಹೊರಟವರ ಪಾಸ್‌ಪೋರ್ಟಿನಲ್ಲಿ ವಿಳಾಸ ಗುಲ್ವಾಡಿಯದೇ ಇರುತ್ತದೆ; ಅದು ಕಾಯಂ. ಗಲ್ಫಿನಲ್ಲಿ ಇಪ್ಪತ್ತೈದು ವರ್ಷ ದುಡಿದರೂ ಅಲ್ಲಿನದು ಮೊಕ್ಕಾಂ ಮಾತ್ರ. ಕೆಲಸ ಬಿಟ್ಟ ದಿನ ಇಕಾಮವೂ ಮುಗಿಯುವ ದಾರಿ ಹಿಡಿಯುತ್ತದೆ. ಇದನ್ನು ತಿಳಿದೇ ಹೋಗಬೇಕು. ವೀಸಾ ಬಂತೆಂದು ಸಂಭ್ರಮಿಸುವ ಮನೆಯವರು ಮೂರು ತಾರೀಕುಗಳನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ: ಪಾಸ್‌ಪೋರ್ಟ್ ಮುಗಿಯುವುದು, ವೀಸಾದ ಮೇಲೆ ಒಳಹೋಗಲು ಕಡೆಯ ದಿನ, ಇಕಾಮದ ಮುದ್ದತು. ಮಗ ಹೋಗಿ ಎರಡು ತಿಂಗಳಾದರೂ ಮೂರನೆಯದು ಖಾಲಿ ಉಳಿದಿದ್ದರೆ ಮಾಲೀಕನನ್ನು ಕೇಳಲು ಹೇಳಿ. 90 ದಿನ ಮುಗಿಯುವವರೆಗೆ ಕಾಯಬೇಡಿ.