ನಡುಗಳದ ಆಟಗಾರ

ಫುಟ್‌ಬಾಲ್ ಪಂದ್ಯದಲ್ಲಿ ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ನಡುಗಳದಲ್ಲಿ ಎದುರಾಳಿಯನ್ನು ತಡೆದು, ಚೆಂಡನ್ನು ಮುಂದಿನವರಿಗೆ ಒಪ್ಪಿಸುವ ಹಾಫ್‌ಬ್ಯಾಕ್ ಆಟಗಾರನನ್ನು ನೆನೆಯುವವರು ವಿರಳ. ವಾಲ್ಟರ್ ಟಲ್ ಅಂಥವನೊಬ್ಬ.

ಈತ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ಫೋಕ್‌ಸ್ಟನ್ ಪಟ್ಟಣದಲ್ಲಿ. ತಂದೆ ಬಾರ್ಬಡೋಸ್ ದ್ವೀಪದಿಂದ ಬಂದ ಬಡಗಿ, ಗುಲಾಮರ ವಂಶದವನು. ತಾಯಿ ಕೆಂಟ್ ಸೀಮೆಯ ಬಿಳಿಯ ಹೆಣ್ಣುಮಗಳು. ಹತ್ತು ತುಂಬುವ ಮೊದಲೇ ಇಬ್ಬರನ್ನೂ ಕಳೆದುಕೊಂಡ ಬಾಲಕ ಲಂಡನ್ನಿನ ಅನಾಥಾಲಯದಲ್ಲಿ ಬೆಳೆದ.

1909ರಲ್ಲಿ ಹೆಸರಾಂತ ಟಾಟನ್‌ಹ್ಯಾಮ್ ತಂಡವನ್ನು ಸೇರಿದ. ಅದೇ ವರ್ಷ ಬ್ರಿಸ್ಟಲ್ ನಗರದ ಪಂದ್ಯವೊಂದರಲ್ಲಿ ಪ್ರೇಕ್ಷಕರು ಆತನ ಮೈಬಣ್ಣವನ್ನೆತ್ತಿ ಹೀನಾಯವಾಗಿ ಜರೆದರು. ಆ ಬಳಿಕ ಮೊದಲ ತಂಡದಲ್ಲಿ ಆತನಿಗೆ ಸ್ಥಾನ ದೊರೆತದ್ದು ಅಪರೂಪ. 1911ರಲ್ಲಿ, ಆಗ ಕೆಳಸ್ತರದ ಸದರ್ನ್ ಲೀಗಿನಲ್ಲಿದ್ದ ನಾರ್ಥಾಂಪ್ಟನ್ ತಂಡಕ್ಕೆ ಬಂದು, ಹಾಫ್‌ಬ್ಯಾಕ್ ಆಗಿ ನೂರಕ್ಕೂ ಮಿಕ್ಕಿ ಪಂದ್ಯಗಳನ್ನಾಡಿದ.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಟಲ್ ಫುಟ್‌ಬಾಲ್ ಆಟಗಾರರಿಗೆಂದೇ ಕಟ್ಟಿದ ಪಡೆಗೆ ಸೇರಿದ. ಐರೋಪ್ಯ ಮೂಲದವರಲ್ಲದವರು ಅಧಿಕಾರಿಗಳಾಗಕೂಡದೆಂಬುದು ಅಂದಿನ ಸೇನೆಯ ನಿಯಮ. ನಿಯಮ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು; ಆದರೆ ಆತನ ಕೆಲಸವನ್ನು ಕಂಡ ಹಿರಿಯರು 1917ರಲ್ಲಿ ಆತನನ್ನು ಸೆಕೆಂಡ್ ಲೆಫ್ಟಿನೆಂಟ್ ಮಾಡಿದರು. ಇಟಲಿಯ ರಣರಂಗದಲ್ಲಿ ಈತ ಇರುಳಿನಲ್ಲಿ 26 ಮಂದಿಯೊಡನೆ ಪಿಯಾವೆ ನದಿಯನ್ನು ದಾಟಿ, ಶತ್ರುನೆಲದೊಳಗೆ ಹೊಕ್ಕು, ಅಷ್ಟೂ ಮಂದಿಯನ್ನು ಗಾಯವಿಲ್ಲದೆ ಮರಳಿ ಕರೆತಂದ.

1918ರ ಮಾರ್ಚ್ 25ರಂದು ಫ್ರಾನ್ಸಿನಲ್ಲಿ ಟಲ್ ಮಡಿದ. ಸಹಸೈನಿಕರು ದೇಹವನ್ನು ತರಲು ಹೆಣಗಿದರೂ ಸಾಧ್ಯವಾಗಲಿಲ್ಲ. ಸಮಾಧಿಯಿಲ್ಲ, ಅರಾಸ್ ಸ್ಮಾರಕದ ಗೋಡೆಯ ಮೇಲೆ, ಸಾವಿರಾರು ಹೆಸರುಗಳ ನಡುವೆ, ಆತನದೂ ಒಂದಿದೆ. 1999ರಲ್ಲಿ ನಾರ್ಥಾಂಪ್ಟನ್ ತಂಡ ತನ್ನ ಕ್ರೀಡಾಂಗಣದ ಬಳಿ ಆತನಿಗೊಂದು ಸ್ಮಾರಕವನ್ನು ನಿಲ್ಲಿಸಿತು.